ಕಾಯಿಲ್ ಬದಲಿಸುವ ಮುಂಚೆ: 12 ವೋಲ್ಟ್ 20,000 ವೋಲ್ಟ್ ಆಗುವ ಬಗೆ, ಅದನ್ನು ಪರೀಕ್ಷಿಸುವ ಬಗೆ

ಗಾಡಿ ಚಾಲೂ ಆಗದಿದ್ದರೆ ನಮ್ಮ ಕಡೆ ಬೇಗ ಬರುವ ತೀರ್ಪು ಒಂದೇ. "ಕಾಯಿಲ್ ಹೋಗೈತ್ರಿ, ಹೊಸಾದ್ ಹಾಕಿಬಿಡ್ರಿ." ಕಾಯಿಲ್ ಅಂದರೆ ಬ್ಯಾಟರಿಯ 12 ವೋಲ್ಟನ್ನು ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರಿಸುವಷ್ಟು ಏರಿಸುವ ಇಗ್ನಿಷನ್ ಕಾಯಿಲ್. ಅದರ ಒಳಗೆ ನಡೆಯುವುದು ಯಾರ ಕಣ್ಣಿಗೂ ಕಾಣುವುದಿಲ್ಲ. ಹಾಗಾಗಿ ಕಿಡಿ ಬರಲಿಲ್ಲ ಅಂದರೆ ತಪ್ಪೆಲ್ಲ ಅದರ ತಲೆಗೆ ಬೀಳುತ್ತದೆ. ವಿಜಯಪುರದಲ್ಲಿ ಗಾಡಿ ರಿಪೇರಿ ಮಾಡುತ್ತಾ ನಾನು ಕಂಡ ಮಟ್ಟಿಗೆ, ಬಿಚ್ಚಿ ಎಸೆದ ಕಾಯಿಲ್‌ಗಳಲ್ಲಿ ಎಷ್ಟೋ ಇನ್ನೂ ಚೆನ್ನಾಗಿಯೇ ಇರುತ್ತವೆ. ಕೆಟ್ಟಿದ್ದು ಪ್ಲಗ್ ಕ್ಯಾಪ್ ಆಗಿರುತ್ತದೆ, ತುಕ್ಕು ಹಿಡಿದ ಅರ್ಥ್ ಬೋಲ್ಟ್ ಆಗಿರುತ್ತದೆ, ಇಲ್ಲವೇ ಇಳಿದುಹೋದ ಬ್ಯಾಟರಿ ಆಗಿರುತ್ತದೆ.

ಕಾಯಿಲ್ ಅಷ್ಟೊಂದು ವೋಲ್ಟೇಜ್ ಎಲ್ಲಿಂದ ತರುತ್ತದೆ ಅನ್ನೋದು ಒಮ್ಮೆ ತಲೆಗೆ ಹತ್ತಿದರೆ ಸಾಕು. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ. ಅದಕ್ಕೆ ಮೊದಲು ಒಳಗಿನ ಕೆಲಸ ಹೇಳುತ್ತೇನೆ, ಆಮೇಲೆ ಪರೀಕ್ಷೆ. ಇದೆಲ್ಲ ಪೆಟ್ರೋಲ್ ಗಾಡಿಯ ಮಾತು. ಕಬ್ಬು ಹೊರುವ ಟ್ರ್ಯಾಕ್ಟರ್ ಡೀಸೆಲ್. ಅದರಲ್ಲಿ ಗಾಳಿಯನ್ನು ಜೋರಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಕಾಯಿಲೂ ಇಲ್ಲ, ಸ್ಪಾರ್ಕ್ ಪ್ಲಗ್ಗೂ ಇಲ್ಲ.

ಕಿಡಿ ಹಾರಲು ಎಷ್ಟು ವೋಲ್ಟ್ ಬೇಕು

ಪ್ಲಗ್ಗಿನ ತುದಿಯಲ್ಲಿ ನಡುವಿನ ಕಡ್ಡಿಗೂ ಬಾಗಿದ ಕಡ್ಡಿಗೂ ಮಧ್ಯೆ ಸಣ್ಣ ಗ್ಯಾಪ್ ಇರುತ್ತದೆ. ಬೈಕ್‌ಗಳಲ್ಲಿ ಸಾಮಾನ್ಯವಾಗಿ 0.6 ರಿಂದ 0.9 ಮಿಲಿಮೀಟರ್. ಗಾಳಿ ಸುಮ್ನೆ ಕರೆಂಟನ್ನು ದಾಟಲು ಬಿಡುವುದಿಲ್ಲ. ಹೊರಗಿನ ಗಾಳಿಯಲ್ಲಿ ಒಂದು ಮಿಲಿಮೀಟರ್ ದಾಟಬೇಕಾದರೆ ಸುಮಾರು 3,000 ದಿಂದ 4,000 ವೋಲ್ಟ್ ಬೇಕು. ಸಿಲಿಂಡರ್ ಒಳಗೆ ಪಿಸ್ಟನ್ ಮೇಲೆ ಬಂದು ಗಾಳಿ ಮತ್ತು ಪೆಟ್ರೋಲನ್ನು ಒತ್ತಿ ಹಿಡಿದಿರುತ್ತದೆ. ಒತ್ತಡ ಹೆಚ್ಚಾದಷ್ಟೂ ಕಿಡಿ ದಾಟುವುದು ಕಷ್ಟ. ಅಲ್ಲಿ ಅದೇ ಗ್ಯಾಪಿಗೆ 10,000 ದಿಂದ 15,000 ವೋಲ್ಟ್ ಬೇಕಾಗಬಹುದು. ಇಬ್ಬರನ್ನು ಕೂರಿಸಿಕೊಂಡು ಏರು ಹತ್ತುವಾಗ, ಪೂರ್ತಿ ಆಕ್ಸಲರೇಟರ್ ತಿರುವಿದಾಗ ಇನ್ನೂ ಜಾಸ್ತಿ. ಅದಕ್ಕೇ ಕಾಯಿಲ್‌ಗಳನ್ನು 20,000 ದಿಂದ 30,000 ವೋಲ್ಟ್ ಮುಟ್ಟುವ ಹಾಗೆ ಮಾಡಿರುತ್ತಾರೆ.

ಇಲ್ಲೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಕಾಯಿಲ್ ಪ್ರತಿ ಸಲವೂ 30,000 ವೋಲ್ಟ್ ಕೊಡುವುದಿಲ್ಲ. ವೋಲ್ಟೇಜ್ ಸೊನ್ನೆಯಿಂದ ಏರುತ್ತಾ ಹೋಗುತ್ತದೆ. ಗ್ಯಾಪ್ ದಾಟುವಷ್ಟು ಆದ ಕೂಡಲೇ ಕಿಡಿ ಹಾರುತ್ತದೆ, ಅಲ್ಲಿಗೆ ಏರಿಕೆ ನಿಂತಿತು. ಅಂದರೆ ಎಷ್ಟು ಏರಬೇಕು ಅಂತ ಗೊತ್ತುಮಾಡುವುದು ಪ್ಲಗ್. ಪ್ಲಗ್ ಸವೆದು ಗ್ಯಾಪ್ ಅಗಲವಾದಂತೆ ಕಾಯಿಲ್ ಹೆಚ್ಚು ಹೆಚ್ಚು ಏರಬೇಕು. ಅಷ್ಟು ವೋಲ್ಟೇಜನ್ನು ಅದರ ಒಳಗಿನ ಇನ್ಸುಲೇಷನ್ ದಿನಾ ತಡೆದುಕೊಳ್ಳಬೇಕು. ಬೇಗ ಸಾಯುವ ಕಾಯಿಲ್‌ಗಳ ಹಿಂದೆ ಹಲವು ಸಲ ವರ್ಷಗಟ್ಟಲೆ ಬದಲಿಸದ ಒಂದು ಪ್ಲಗ್ ಇರುತ್ತದೆ.

ಕಾಯಿಲ್ ಒಳಗೆ ನಡೆಯುವುದೇನು

ಒಳಗೆ ಎರಡು ಸುರುಳಿ ಇವೆ, ನಡುವೆ ತೆಳು ಕಬ್ಬಿಣದ ಪಟ್ಟಿಗಳನ್ನು ಜೋಡಿಸಿದ ಒಂದು ಕೋರ್ ಇದೆ. ಒಂದು ಸುರುಳಿ ದಪ್ಪ ತಂತಿಯದು, ನೂರರಿಂದ ಇನ್ನೂರೈವತ್ತು ಸುತ್ತು. ಇದು ಪ್ರೈಮರಿ. ಇನ್ನೊಂದು ಕೂದಲಿನಷ್ಟು ತೆಳು ತಂತಿಯದು, ಹತ್ತು ಸಾವಿರದಿಂದ ಇಪ್ಪತ್ತೈದು ಸಾವಿರ ಸುತ್ತು. ಇದು ಸೆಕೆಂಡರಿ. ಅಂದಾಜಿಗೆ ಒಂದಕ್ಕೆ ನೂರು ಅಂತ ಇಟ್ಟುಕೊಳ್ಳಿ. ಸೆಕೆಂಡರಿಯ ತುದಿ ಪ್ಲಗ್ ವೈರ್ ಮೂಲಕ ಪ್ಲಗ್ಗಿಗೆ ಹೋಗುತ್ತದೆ.

ಒಂದು ಸುರುಳಿಯ ಕಾಂತಕ್ಷೇತ್ರ ಬದಲಾದಾಗ ಪಕ್ಕದ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ ಇದನ್ನು 1831ರಲ್ಲಿ ತೋರಿಸಿದ. "ಬದಲಾದಾಗ" ಅನ್ನೋದೇ ಇಲ್ಲಿ ಮುಖ್ಯ. ಬ್ಯಾಟರಿ ಕರೆಂಟ್ ಒಂದೇ ಸಮನೆ ಹರಿಯುತ್ತಿದ್ದರೆ ಸೆಕೆಂಡರಿಯಲ್ಲಿ ಏನೂ ಹುಟ್ಟುವುದಿಲ್ಲ.

ಈಗ ಲೆಕ್ಕ ಹಾಕಿ. ಬ್ಯಾಟರಿ 12 ವೋಲ್ಟ್, ಸುತ್ತು ನೂರು ಪಟ್ಟು. ಗುಣಿಸಿದರೆ 1,200 ವೋಲ್ಟ್ ಆಯಿತು. ಪ್ಲಗ್ಗಿಗೆ ಇದು ಎಲ್ಲಿಗೂ ಸಾಲದು. ಹಾಗಾದರೆ ಉಳಿದದ್ದು ಎಲ್ಲಿಂದ ಬರುತ್ತದೆ? ಕರೆಂಟನ್ನು ಕಡಿಯುವುದರಿಂದ.

ನಮ್ಮ ತೋಟಗಳ ಪೈಪ್‌ಲೈನ್ ನೆನೆಸಿಕೊಳ್ಳಿ. ಬೋರ್ ನೀರು ಉದ್ದನೆಯ ಪೈಪಿನಲ್ಲಿ ಜೋರಾಗಿ ಹೋಗುತ್ತಿರುವಾಗ ವಾಲ್ವನ್ನು ಒಮ್ಮೆಲೇ ಬಂದ್ ಮಾಡಿದರೆ ಧಡ್ ಅಂತ ಹೊಡೆತ ಬಿದ್ದು ಪೈಪ್ ಒಡೆಯುತ್ತದೆ, ಅಲ್ವಾ? ಪಂಪ್ ಕೊಡುವ ಒತ್ತಡ ಅಷ್ಟಿರಲೇ ಇಲ್ಲ. ಹರಿಯುತ್ತಿದ್ದ ನೀರಿನ ರಭಸ ನಿಲ್ಲಲು ಒಪ್ಪದೆ ಆ ಹೊಡೆತ ಹುಟ್ಟಿತು. ನಿಧಾನಕ್ಕೆ ಬಂದ್ ಮಾಡಿದರೆ ಏನೂ ಆಗುವುದಿಲ್ಲ.

ಕಾಯಿಲ್‌ನಲ್ಲೂ ಹೀಗೇ. ಪ್ರೈಮರಿಗೆ ಬ್ಯಾಟರಿ ಕೊಟ್ಟಾಗ ಕರೆಂಟ್ ಮೆಲ್ಲಗೆ ಏರುತ್ತದೆ. ಕೆಲವು ಮಿಲಿಸೆಕೆಂಡಿನಲ್ಲಿ ಕೋರ್ ತುಂಬ ಕಾಂತಶಕ್ತಿ ತುಂಬಿಕೊಳ್ಳುತ್ತದೆ. ಆ ಹೊತ್ತಿಗೆ ಕರೆಂಟನ್ನು ಪಟ್ ಅಂತ ಕಡಿದರೆ ಕಾಂತಕ್ಷೇತ್ರ ಕುಸಿಯುತ್ತದೆ. ಕುಸಿತ ಎಷ್ಟು ಬೇಗ ಆದರೆ ವೋಲ್ಟೇಜ್ ಅಷ್ಟು ಹೆಚ್ಚು. ಪ್ರೈಮರಿಯಲ್ಲೇ 200 ರಿಂದ 400 ವೋಲ್ಟ್ ಎದ್ದು ನಿಲ್ಲುತ್ತದೆ. ಈಗ ನೂರು ಪಟ್ಟು ಲೆಕ್ಕ ಹಾಕಿ. 300 ವೋಲ್ಟಿಗೆ 30,000 ವೋಲ್ಟ್. ಐರ್ಲೆಂಡಿನ ಪಾದ್ರಿ ನಿಕೋಲಸ್ ಕ್ಯಾಲನ್ 1836ರಲ್ಲೇ ಎರಡು ಸುರುಳಿಯ ಇಂಥ ಕಾಯಿಲ್ ಮಾಡಿ, ಕರೆಂಟನ್ನು ಕಡಿದಾಗ ಜೋರು ಶಾಕ್ ಬರುವುದನ್ನು ತೋರಿಸಿದ್ದ. ಆಗ ಪೆಟ್ರೋಲ್ ಗಾಡಿಯೇ ಇರಲಿಲ್ಲ.

ಕಿಡಿ ಹಾರುವುದು ಕರೆಂಟ್ ಹೋದ ಗಳಿಗೆಯಲ್ಲಿ. ಇದೊಂದನ್ನು ನೆನಪಿಟ್ಟರೆ ಮುಂದಿನ ಪರೀಕ್ಷೆಗಳೆಲ್ಲ ಅರ್ಥವಾಗುತ್ತವೆ. ತುಂಬಿಸಲು ಬ್ಯಾಟರಿ ಸರಿ ಇರಬೇಕು. ಕಡಿಯುವವನು ಸರಿ ಇರಬೇಕು. ಹುಟ್ಟಿದ ವೋಲ್ಟೇಜ್ ದಾರಿಯಲ್ಲಿ ಸೋರಬಾರದು.

ಕಡಿಯುವವನು ಯಾರು

ಹಳೆಯ ಬುಲೆಟ್, ಹಳೆಯ ಸ್ಕೂಟರ್‌ಗಳಲ್ಲಿ ಈ ಕೆಲಸ ಪ್ಲಾಟಿನಾ ಪಾಯಿಂಟಿನದು. ಎಂಜಿನ್ ತಿರುಗಿದಂತೆ ಪಾಯಿಂಟ್ ತೆರೆದು ಕರೆಂಟ್ ಕಡಿಯುತ್ತದೆ. ಪಕ್ಕದಲ್ಲಿ ಒಂದು ಕಂಡೆನ್ಸರ್, ಅಂದರೆ ಕರೆಂಟ್ ತುಂಬಿಟ್ಟುಕೊಳ್ಳುವ ಕೆಪಾಸಿಟರ್, ಇರುತ್ತದೆ, ಸಾಮಾನ್ಯವಾಗಿ 0.2 ಮೈಕ್ರೋಫ್ಯಾರಡ್ ಆಸುಪಾಸಿನದು. ಅದು ಯಾಕೆ ಅಂದರೆ, ಪಾಯಿಂಟ್ ತೆರೆಯುವಾಗ ಕರೆಂಟ್ ಅಲ್ಲೇ ಕಿಡಿಯಾಗಿ ಹಾರಿ ಹರಿಯುತ್ತಲೇ ಇರಲು ನೋಡುತ್ತದೆ. ಆಗ ಕಡಿತ ನಿಧಾನವಾಗುತ್ತದೆ, ಪ್ಲಗ್ಗಿಗೆ ಸಿಗಬೇಕಾದ ಶಕ್ತಿ ಪಾಯಿಂಟಿನಲ್ಲೇ ಸುಟ್ಟುಹೋಗುತ್ತದೆ. ಕಂಡೆನ್ಸರ್ ಆ ಕರೆಂಟನ್ನು ತಾನು ತೆಗೆದುಕೊಂಡು ಕಡಿತವನ್ನು ಚುರುಕು ಮಾಡುತ್ತದೆ. ಪಾಯಿಂಟ್ ಪದೇ ಪದೇ ಕಪ್ಪಾಗಿ ಸುಡುತ್ತಿದ್ದರೆ ಕಂಡೆನ್ಸರ್ ಮೇಲೆ ಅನುಮಾನಪಡಿ.

ಇಂದಿನ ಕಾರುಗಳಲ್ಲಿ, 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಬೈಕ್‌ಗಳಲ್ಲಿ ಹೆಚ್ಚಾಗಿ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ) ಒಳಗಿನ ಟ್ರಾನ್ಸಿಸ್ಟರ್ ಕರೆಂಟ್ ಕಡಿಯುತ್ತದೆ. ಸವೆಯುವ ಭಾಗವೇ ಇಲ್ಲ.

ಇವೆರಡರ ಮಧ್ಯದ್ದು ಸಿಡಿಐ, ಅಂದರೆ ಕೆಪಾಸಿಟರ್ ಡಿಸ್ಚಾರ್ಜ್ ಇಗ್ನಿಷನ್. ನಮ್ಮ ಊರುಗಳಲ್ಲಿ ಓಡಾಡುವ ಹಳೆಯ 100 ಸಿಸಿ ಬೈಕ್‌ಗಳಲ್ಲಿ ಬಹಳಷ್ಟು ಇದೇ. ಇದರ ಲೆಕ್ಕ ಸ್ವಲ್ಪ ಬೇರೆ. ಇಲ್ಲಿ ಶಕ್ತಿ ತುಂಬಿಕೊಳ್ಳುವುದು ಸಿಡಿಐ ಡಬ್ಬಿಯ ಒಳಗಿನ ಕೆಪಾಸಿಟರ್. ಅದು ಮೊದಲೇ 200 ರಿಂದ 400 ವೋಲ್ಟಿಗೆ ಚಾರ್ಜ್ ಆಗಿ ಕಾಯುತ್ತಿರುತ್ತದೆ. ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ ಪಕ್ಕದ ಪಲ್ಸರ್ ಕಾಯಿಲ್ (ಕಿಡಿಯ ಹೊತ್ತು ತಿಳಿಸುವ ಸಣ್ಣ ಸುರುಳಿ) ಸನ್ನೆ ಕೊಟ್ಟ ತಕ್ಷಣ ಕೆಪಾಸಿಟರ್ ತನ್ನಲ್ಲಿದ್ದುದನ್ನೆಲ್ಲ ಒಂದೇ ಏಟಿಗೆ ಪ್ರೈಮರಿಗೆ ಸುರಿಯುತ್ತದೆ. ಕಾಯಿಲ್ ಅದನ್ನು ಎತ್ತಿ ಕೊಡುತ್ತದೆ, ಅಷ್ಟೆ. ಕಿಡಿ ಬಹಳ ಚುರುಕು, ಆದರೆ ಸಣ್ಣ ಹೊತ್ತು ಉಳಿಯುತ್ತದೆ. ಸಿಡಿಐನಲ್ಲೂ ಎರಡು ಬಗೆ. ಎಸಿ ಸಿಡಿಐಗೆ ವೋಲ್ಟೇಜ್ ಮ್ಯಾಗ್ನೆಟ್ ಕಡೆಯಿಂದ ಬರುತ್ತದೆ. ಬ್ಯಾಟರಿ ಇಲ್ಲದಿದ್ದರೂ ಕಿಕ್ ಹೊಡೆದರೆ ಚಾಲೂ ಆಗುತ್ತದೆ. ಡಿಸಿ ಸಿಡಿಐ ಬ್ಯಾಟರಿಯನ್ನೇ ನಂಬಿರುತ್ತದೆ.

ನಿಮ್ಮ ಗಾಡಿ ಯಾವ ಬಗೆಯದು ಅಂತ ತಿಳಿಯದೆ ಕಾಯಿಲ್ ಕೊಳ್ಳಲು ಹೋಗಬೇಡಿ. ಸಿಡಿಐ ಕಾಯಿಲ್‌ನ ಪ್ರೈಮರಿ ಬಹಳ ಕಡಿಮೆ ಓಮ್‌ನದು (ಓಮ್ ಅಂದರೆ ತಂತಿ ಕರೆಂಟಿಗೆ ಒಡ್ಡುವ ತಡೆಯ ಅಳತೆ), ಅರ್ಧ ಓಮ್ ಅಂತ ಇಟ್ಟುಕೊಳ್ಳಿ. ಅದನ್ನು ಇಸಿಯು ಗಾಡಿಗೆ ಹಾಕಿದರೆ 12 ವೋಲ್ಟಿಗೆ 24 ಆಂಪಿಯರ್‌ವರೆಗೆ ಕರೆಂಟ್ ಎಳೆಯಲು ನೋಡುತ್ತದೆ. ಕಾಯಿಲ್ ಉಳಿದರೂ ಇಸಿಯು ಸುಡಬಹುದು. ಕಾಯಿಲ್‌ನ ಎಷ್ಟೋ ಪಟ್ಟು ಖರ್ಚು ಅದು. "ಫಿಟ್ ಆಗ್ತೈತಿ" ಅಂತ ಅಂಗಡಿಯವರು ಹೇಳಿದರೂ ಗಾಡಿಯ ಮಾಡೆಲ್, ವರ್ಷ ಹೇಳಿ ಕೇಳಿಯೇ ತನ್ನಿ.

ಕೈ ಹಾಕುವ ಮುಂಚೆ

ಈ ಶಾಕ್ ಕೈ ಜಾಡಿಸುವಂತೆ ಹೊಡೆಯುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಕೆಲಸದ ಹತ್ತಿರವೂ ಬರಬಾರದು. ಪ್ಲಗ್ ಬಿಚ್ಚಿ ಕಿಕ್ ಹೊಡೆದಾಗ ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಚಿಮ್ಮುತ್ತದೆ. ಪರೀಕ್ಷೆಯ ಕಿಡಿ ಆ ತೂತಿನ ಹತ್ತಿರ ಇದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ತೂತಿಗೆ ಹಳೆಯ ಪ್ಲಗ್ ತಿರುಗಿಸಿ, ಕಿಡಿಯನ್ನು ಬೇರೊಂದು ಪ್ಲಗ್ಗಿನಲ್ಲಿ ನೋಡಿ. ಗಾಳಿಯಾಡುವ ಕಡೆ ಮಾಡಿ, ಪೆಟ್ರೋಲ್ ಬಾಟಲಿ ದೂರ ಇಡಿ.

ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ. ಪ್ಲಗ್ ವೈರನ್ನು ಗಾಳಿಯಲ್ಲಿ ಸುಮ್ನೆ ತೂಗುಬಿಟ್ಟು ಕಿಕ್ ಹೊಡೆಯಬೇಡಿ. ಹಾರಲು ದಾರಿ ಸಿಗದಿದ್ದರೆ ವೋಲ್ಟೇಜ್ ಕಾಯಿಲ್‌ನ ಒಳಗಿನ ಇನ್ಸುಲೇಷನನ್ನೇ ತೂತು ಮಾಡಿಕೊಂಡು ಹೋಗುತ್ತದೆ. ಚೆನ್ನಾಗಿದ್ದ ಕಾಯಿಲನ್ನು ಪರೀಕ್ಷೆಯ ಹೆಸರಲ್ಲಿ ಕೊಲ್ಲುವುದು ಹೀಗೇ.

ಪರೀಕ್ಷೆ

ಮೊದಲು ಕಿಲ್ ಸ್ವಿಚ್ ನೋಡಿ. ಹೊಸ ಗಾಡಿಯಾದರೆ ಸೈಡ್ ಸ್ಟ್ಯಾಂಡ್ ಎತ್ತಿದೆಯಾ ನೋಡಿ. ಪೆಟ್ರೋಲ್ ಇದೆಯಾ ನೋಡಿ. ಇಷ್ಟಕ್ಕೇ ಚಾಲೂ ಆಗುವ ಗಾಡಿಗಳಿವೆ.

ಆಮೇಲೆ ಪ್ಲಗ್ ಪಾನಾ ಹಿಡಿದು ಪ್ಲಗ್ ಬಿಚ್ಚಿ. ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ ಅಂತ ಒಂದು ಸುಳಿವು. ಕಪ್ಪು ಮಸಿ ಕೂತಿದ್ದರೆ ಆ ಮಸಿಯ ಮೇಲೇ ಕರೆಂಟ್ ಸೋರಿಹೋಗುತ್ತದೆ. ಬಿಳಿ ಪಿಂಗಾಣಿಯಲ್ಲಿ ಕೂದಲೆಳೆ ಬಿರುಕು ಇದ್ದರೂ ಹಾಗೇ. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಿ ಗ್ಯಾಪ್ ಅಳೆದು ಗಾಡಿಯ ಪುಸ್ತಕದಲ್ಲಿರುವ ಅಳತೆಗೆ ತನ್ನಿ. ಅನುಮಾನ ಇದ್ದರೆ ಹೊಸ ಪ್ಲಗ್ ಹಾಕಿಯೇ ಮುಂದಿನ ಪರೀಕ್ಷೆ ಮಾಡಿ. ಕಡಿಮೆ ಖರ್ಚಿನ ಭಾಗ ಮೊದಲು ತೀರ್ಮಾನವಾಗಲಿ.

ಈಗ ಕಿಡಿ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಸಿಲಿಂಡರ್ ಹೆಡ್‌ಗೆ ಗಟ್ಟಿಯಾಗಿ ತಾಗುವಂತೆ ಇನ್ಸುಲೇಟೆಡ್ ಪ್ಲೈಯರ್‌ನಲ್ಲಿ ಹಿಡಿಯಿರಿ. ಪೇಂಟ್ ಇಲ್ಲದ ಜಾಗ ಇರಲಿ. ಕೀ ಹಾಕಿ ಕಿಕ್ ಹೊಡೆಸಿ. ನೀಲಿ ಬಣ್ಣದ, ಚಟ್ ಚಟ್ ಸದ್ದಿನ ಕಿಡಿ ಬಂದರೆ ಒಳ್ಳೆಯದು. ಹಳದಿ, ಕೆಂಪು, ಎಳೆಯಂಥ ಕಿಡಿ ಬಂದರೆ ಶಕ್ತಿ ಸಾಲದು.

ಆದರೆ ಈ ಪರೀಕ್ಷೆ ನಂಬಿ ಮೋಸ ಹೋಗುವವರು ಬಹಳ. ಹೊರಗಿನ ಗಾಳಿಯಲ್ಲಿ ಆ ಸಣ್ಣ ಗ್ಯಾಪಿಗೆ ಮೂರು ಸಾವಿರ ವೋಲ್ಟ್ ಸಾಕು ಅಂತ ಮೇಲೆ ನೋಡಿದೆವು. ಐದು ಸಾವಿರಕ್ಕೆ ಉಸಿರು ಬಿಡುವ ಸೋತ ಕಾಯಿಲೂ ಹೊರಗೆ ಚೆಂದದ ಕಿಡಿ ತೋರಿಸುತ್ತದೆ. ಸಿಲಿಂಡರ್ ಒಳಗೆ ಹೋದಾಗ ಕೈ ಕೊಡುತ್ತದೆ. ಅದಕ್ಕೆ ಸ್ಪಾರ್ಕ್ ಟೆಸ್ಟರ್ ಅಂತ ಸಿಗುತ್ತದೆ, ಗ್ಯಾಪನ್ನು ಹೆಚ್ಚು ಕಡಿಮೆ ಮಾಡಬಹುದಾದದ್ದು. ಬೆಲೆ ಹೆಚ್ಚಿಲ್ಲ. ಅದರ ಒಂದು ತುದಿಯನ್ನು ಅರ್ಥ್‌ಗೆ ಕಚ್ಚಿಸಿ, ಗ್ಯಾಪನ್ನು ಐದಾರು ಮಿಲಿಮೀಟರ್‌ವರೆಗೆ ಮೆಲ್ಲಗೆ ಅಗಲಿಸುತ್ತಾ ಹೋಗಿ. ಅಷ್ಟನ್ನು ಪ್ರತಿ ಕಿಕ್ಕಿಗೂ ತಪ್ಪದೆ ದಾಟಿದರೆ ಕಾಯಿಲ್‌ಗೆ ತಾಕತ್ತಿದೆ. ಹೇಳಿದ್ದಕ್ಕಿಂತ ಜಾಸ್ತಿ ಅಗಲಿಸಿ ಆಟವಾಡಬೇಡಿ.

ಕಿಡಿ ಇಲ್ಲವೇ ಇಲ್ಲ ಅಂದರೆ ಪ್ಲಗ್ ಕ್ಯಾಪ್ ತಿರುಗಿಸಿ ಬಿಚ್ಚಿ. ಬಹಳ ಬೈಕ್‌ಗಳಲ್ಲಿ ಅದು ವೈರಿನೊಳಗೆ ಸ್ಕ್ರೂ ತರಹ ಕೂತಿರುತ್ತದೆ. ಒಳಗೆ ಹಸಿರು ಕಿಲುಬು ಕಟ್ಟಿದ್ದರೆ ಅಲ್ಲೇ ದಾರಿ ಮುರಿದಿದೆ. ವೈರಿನ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ, ಹೊಳೆಯುವ ತಾಮ್ರ ಕಂಡ ಮೇಲೆ ಮತ್ತೆ ತಿರುಗಿಸಿ. ಕ್ಯಾಪಿನ ಎರಡು ತುದಿಗೆ ಮೀಟರ್ ಹಿಡಿದರೆ ಸಾಮಾನ್ಯವಾಗಿ 5,000 ಓಮ್ ತೋರಿಸಬೇಕು. ರೇಡಿಯೋ, ಮೊಬೈಲ್‌ಗೆ ತೊಂದರೆ ಆಗದಿರಲಿ ಅಂತ ಕಂಪನಿಯವರೇ ಇಟ್ಟ ರೆಸಿಸ್ಟರ್ ಅದು. ಏನೂ ತೋರಿಸದಿದ್ದರೆ ಕ್ಯಾಪ್ ಸತ್ತಿದೆ. ಕಾಯಿಲ್ ಸತ್ತಿದೆ ಅಂತ ಬಂದ ಎಷ್ಟೋ ಗಾಡಿಗಳ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಅರ್ಥ್ ಕೂಡ ಇದೇ ಹೊತ್ತಿಗೆ ನೋಡಿ. ಹಲವು ಸಿಡಿಐ ಕಾಯಿಲ್‌ಗಳಿಗೆ ಒಂದೇ ವೈರ್ ಬರುತ್ತದೆ. ಇನ್ನೊಂದು ತುದಿ ಕಬ್ಬಿಣದ ಕೋರ್ ಮೂಲಕ, ಅದನ್ನು ಬಿಗಿದ ಬೋಲ್ಟ್ ಮೂಲಕ ಚಾಸಿಗೆ ಹೋಗುತ್ತದೆ. ಆ ಬೋಲ್ಟ್ ತುಕ್ಕು ಹಿಡಿದರೆ, ಚಾಸಿಗೆ ಹೊಸ ಪೇಂಟ್ ಹೊಡೆಸಿದ್ದರೆ ದಾರಿ ಬಂದ್. ಪಾಲಿಶ್ ಪೇಪರ್‌ನಲ್ಲಿ ಉಜ್ಜಿ ಮತ್ತೆ ಬಿಗಿಯಿರಿ.

ಮಲ್ಟಿಮೀಟರ್ ಹಿಡಿಯುವ ಹೊತ್ತು

ಕಾಯಿಲ್‌ನ ವೈರ್‌ಗಳನ್ನೆಲ್ಲ ಬಿಡಿಸಿ ಅಳೆಯಿರಿ. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ. ಅದು ತೋರಿಸುವ 0.2 ಅಥವಾ 0.3 ಓಮ್ ಕಡ್ಡಿಗಳದ್ದೇ, ಅದನ್ನು ಕಳೆಯಬೇಕು. ಪ್ರೈಮರಿ ಅಳೆಯುವಾಗ ಇದನ್ನು ಬಿಟ್ಟರೆ ಲೆಕ್ಕವೇ ತಪ್ಪುತ್ತದೆ.

ಪ್ರೈಮರಿಯ ಎರಡು ತುದಿಗೆ, ಒಂದೇ ತುದಿ ಇದ್ದರೆ ತುದಿಗೂ ಕೋರ್‌ಗೂ, ಮೀಟರ್ ಹಿಡಿಯಿರಿ. ಸಿಡಿಐ ಕಾಯಿಲ್ ಆದರೆ ಒಂದು ಓಮ್‌ಗಿಂತ ಕಡಿಮೆ ಬರುವುದು ಸಹಜ. ಬ್ಯಾಟರಿ, ಇಸಿಯು ಬಗೆಯದಾದರೆ ಬೈಕ್‌ಗಳಲ್ಲಿ ಹೆಚ್ಚಾಗಿ ಒಂದು ಓಮ್‌ನಿಂದ ನಾಲ್ಕು ಓಮ್‌ವರೆಗೆ ಇರುತ್ತದೆ. ಸೆಕೆಂಡರಿಗೆ ಮೀಟರನ್ನು 20 ಕಿಲೋ ಓಮ್‌ಗೆ ತಿರುಗಿಸಿ, ಪ್ಲಗ್ ವೈರಿನ ತಾಮ್ರಕ್ಕೂ ಕೋರ್‌ಗೂ, ಪ್ರೈಮರಿಗೆ ಎರಡು ತುದಿ ಇದ್ದರೆ ತಾಮ್ರಕ್ಕೂ ಆ ತುದಿಗಳಲ್ಲಿ ಒಂದಕ್ಕೂ, ಹಿಡಿಯಿರಿ. ಬೈಕ್‌ಗಳಲ್ಲಿ ಸುಮಾರು 3 ರಿಂದ 15 ಕಿಲೋ ಓಮ್. ಕ್ಯಾಪ್ ಹಾಕಿಕೊಂಡೇ ಅಳೆದರೆ ಅದರ 5 ಕಿಲೋ ಓಮ್ ಸೇರಿರುತ್ತದೆ. ನಿಖರವಾದ ಅಂಕಿ ಮಾಡೆಲ್ಲಿನ ಸರ್ವಿಸ್ ಪುಸ್ತಕದಲ್ಲಿದೆ. ಅದು ಸಿಗದಿದ್ದರೆ ಅದೇ ಮಾಡೆಲ್ಲಿನ, ಚೆನ್ನಾಗಿ ಓಡುವ ಗಾಡಿಯ ಕಾಯಿಲ್ ಅಳೆದು ಹೋಲಿಸಿ. ನಾನು ಇದನ್ನೇ ಹೆಚ್ಚು ನಂಬುತ್ತೇನೆ.

ಕೆಲವು ಕಾರುಗಳ ಕಾಯಿಲ್ ನೇರವಾಗಿ ಪ್ಲಗ್ ಮೇಲೇ ಕೂರುತ್ತದೆ. ಅದರ ಒಳಗೆ ಡಯೋಡ್ ಇರಬಹುದು, ಟ್ರಾನ್ಸಿಸ್ಟರ್ ಇರಬಹುದು. ಅಲ್ಲಿ ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಸತ್ತಿದೆ ಅಂತ ಅಲ್ಲ. ಅಂಥದರಲ್ಲಿ ಒಂದು ಸಿಲಿಂಡರಿನ ಕಾಯಿಲನ್ನು ಇನ್ನೊಂದಕ್ಕೆ ಅದಲು ಬದಲು ಮಾಡಿ. ಮಿಸ್ಸಿಂಗ್, ಅಂದರೆ ಕಿಡಿ ತಪ್ಪಿ ಎಂಜಿನ್ ತಡವರಿಸುವುದು, ಕಾಯಿಲ್ ಜೊತೆಗೇ ಆ ಸಿಲಿಂಡರಿಗೆ ಹೋದರೆ ಅದೇ ಕಳ್ಳ.

ಓಮ್ ಸರಿ ಬಂತು ಅಂದ ಮಾತ್ರಕ್ಕೆ ಕಾಯಿಲ್ ಪಾಸಾಗುವುದಿಲ್ಲ. ಮೀಟರ್ ತನ್ನ ಸಣ್ಣ ಬ್ಯಾಟರಿಯಿಂದ ಅಳೆಯುತ್ತದೆ. ಹತ್ತು ಸಾವಿರ ವೋಲ್ಟಿಗೆ ಮಾತ್ರ ಸೋರುವ ಇನ್ಸುಲೇಷನ್ ಅದಕ್ಕೆ ಕಾಣುವುದೇ ಇಲ್ಲ. ಕತ್ತಲಾದ ಮೇಲೆ ಎಂಜಿನ್ ಚಾಲೂ ಇಟ್ಟು ಕಾಯಿಲ್, ವೈರ್, ಕ್ಯಾಪ್ ಮೇಲೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಸಿಂಪಡಿಸಿ, ದೂರದಿಂದ ನೋಡಿ. ಎಲ್ಲಾದರೂ ನೀಲಿ ಗೆರೆ ಹರಿದರೆ, ಎಂಜಿನ್ ತಡವರಿಸಿದರೆ ಅಲ್ಲೇ ಸೋರಿಕೆ. ಬೆಳಗಾವಿ, ಖಾನಾಪುರದ ಕಡೆ ಮಳೆಗಾಲದಲ್ಲಿ ಬರುವ ತೊಂದರೆ ಮುಕ್ಕಾಲು ಪಾಲು ಇಂಥದೇ. ಕ್ಯಾಪಿನ ರಬ್ಬರ್ ಹರಿದಿರುತ್ತದೆ, ತೇವ ಒಳಗೆ ಹೋಗುತ್ತದೆ. ಸೋರಿದ ದಾರಿಯಲ್ಲಿ ಇಂಗಾಲದ ಕಪ್ಪು ಗೆರೆ ಬಿದ್ದುಬಿಟ್ಟರೆ ಒರೆಸಿ ಉಪಯೋಗವಿಲ್ಲ, ಆ ಭಾಗ ಬದಲಿಸಬೇಕು.

ಬಿಸಿಯಾದಾಗ ಮಾತ್ರ ನಿಲ್ಲುವ ಗಾಡಿ

ವಿಜಯಪುರದ ಬೇಸಿಗೆಯಲ್ಲಿ ಜಾಸ್ತಿ ಕೇಳುವ ದೂರು ಇದು. ಬಸವನ ಬಾಗೇವಾಡಿ ಕಡೆಯ ಕಾಕಾ ಒಬ್ಬರು ಹೇಳಿದ ಮಾತಿಗಿಂತ ಚೆನ್ನಾಗಿ ನಾನು ಹೇಳಲಾರೆ. "ಬಿಸಿ ಆತಂದ್ರ ಬಂದ್ ಬೀಳ್ತೈತಿ ನೋಡಪಾ. ಅರ್ಧಾ ತಾಸು ಗಿಡದ ನೆಳ್ಳಾಗ ನಿಲ್ಲಿಸಿ ಕಿಕ್ ಹೊಡದ್ರ ಮತ್ತ ಚಾಲೂ."

ಕಾಯಿಲ್ ಒಳಗಿನ ಕೂದಲೆಳೆ ತಂತಿ ಎಲ್ಲೋ ಮುರಿದಿರುತ್ತದೆ, ಆದರೆ ತುದಿಗಳು ತಾಗಿಕೊಂಡಿರುತ್ತವೆ. ಬಿಸಿಗೆ ಎಲ್ಲ ಹಿಗ್ಗಿ ತುದಿಗಳು ದೂರವಾಗುತ್ತವೆ. ಆರಿದರೆ ಮತ್ತೆ ತಾಗುತ್ತವೆ. ಇನ್ಸುಲೇಷನ್ ಕೂಡ ಬಿಸಿಯಲ್ಲಿ ಸೋಲಬಹುದು. ಟ್ಯಾಂಕಿನ ಕೆಳಗೆ, ಎಂಜಿನ್ ಮೇಲೆ ಕೂತ ಕಾಯಿಲ್‌ಗೆ ಹೊರಗಿನ 40 ಡಿಗ್ರಿಯೂ ಸೇರಿದರೆ ಕೇಳಬೇಕಾ? ಇಂಥ ಗಾಡಿಯನ್ನು ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ತಂದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ನಿಂತ ಜಾಗದಲ್ಲೇ, ಆರುವ ಮುಂಚೆ ಕಿಡಿ ನೋಡಬೇಕು, ಓಮ್ ಅಳೆಯಬೇಕು. ಮನೆಯಲ್ಲಾದರೆ ಕಾಯಿಲ್ ಬಿಚ್ಚಿ ಹೇರ್ ಡ್ರೈಯರ್ ಗಾಳಿಯಲ್ಲಿ ಬಿಸಿ ಮಾಡಿ ಅಳೆಯಿರಿ. ಬಿಸಿಗೆ ಓಮ್ ಸ್ವಲ್ಪ ಏರುವುದು ತಾಮ್ರದ ಗುಣ. ಒಮ್ಮೆಲೇ ದಾರಿ ಕಡಿದುಹೋದರೆ ಕಾಯಿಲ್ ಮುಗಿಯಿತು. ಆದರೆ ಪಲ್ಸರ್ ಕಾಯಿಲ್ಲಿಗೂ ಸಿಡಿಐಗೂ ಇದೇ ರೋಗ ಬರುತ್ತದೆ. ಕಾಯಿಲ್ ಬಿಸಿಯಲ್ಲೂ ಸರಿ ಇದ್ದರೆ ಆ ಕಡೆ ನೋಡಿ.

ನಮ್ಮಲ್ಲಿ ಬೋರ್ ಮೋಟಾರ್ ಸುತ್ತುವ ಅಂಗಡಿಗಳು ಪ್ರತಿ ಊರಲ್ಲೂ ಇವೆ. ಹಾಗಾಗಿ "ಕಾಯಿಲ್ಲನ್ನೂ ಸುತ್ತಿಸಬಹುದೇನ್ರಿ?" ಅಂತ ಕೇಳುತ್ತಾರೆ. ಆಗುವುದಿಲ್ಲ. ಹತ್ತಾರು ಸಾವಿರ ಸುತ್ತಿನ ಆ ತಂತಿಯ ಸುತ್ತ ಗಾಳಿಯ ಗುಳ್ಳೆ ಒಂದೂ ಉಳಿಯದಂತೆ ನಿರ್ವಾತದಲ್ಲಿ ರಾಳ ತುಂಬಿರುತ್ತಾರೆ. ಒಡೆದರೆ ಮತ್ತೆ ಕೂಡಿಸಲು ಬರುವುದಿಲ್ಲ.

ಕಾಯಿಲ್ ಸರಿ ಇದ್ದೂ ಕಿಡಿ ಇಲ್ಲದಿದ್ದರೆ

ಆಗ ಕಾಯಿಲ್‌ಗೆ ಏನು ಬರುತ್ತಿದೆ ನೋಡಬೇಕು. ಬ್ಯಾಟರಿ ಬಗೆಯ ಗಾಡಿಯಲ್ಲಿ ಕೀ ಹಾಕಿ ಕಾಯಿಲ್‌ನ ಪ್ಲಸ್ ವೈರಿನಲ್ಲಿ ಬ್ಯಾಟರಿ ವೋಲ್ಟೇಜ್ ಇದೆಯಾ ಅಳೆಯಿರಿ. ಕೀ ಹಾಕಿದ ಒಂದೆರಡು ಸೆಕೆಂಡ್ ಮಾತ್ರ ವೋಲ್ಟೇಜ್ ಕೊಡುವ ಗಾಡಿಗಳೂ ಇವೆ. ಸೆಲ್ಫ್ ಒತ್ತಿದಾಗ ಇನ್ನೊಮ್ಮೆ ಅಳೆಯಿರಿ. ಸೆಲ್ಫ್ ಮೋಟಾರ್ ಎಳೆಯುವಾಗ ಸೋತ ಬ್ಯಾಟರಿ 9 ವೋಲ್ಟಿಗೆ ಇಳಿದರೆ ಕಾಯಿಲ್‌ನಲ್ಲಿ ಹರಿಯುವ ಕರೆಂಟ್ ಮುಕ್ಕಾಲಾಗುತ್ತದೆ. ತುಂಬುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದು ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸೆಲ್ಫಿಗೆ ಚಾಲೂ ಆಗದ ಗಾಡಿ ತಳ್ಳಿದರೆ ಚಾಲೂ ಆಗುವುದು ಇದಕ್ಕೇ. ಅಲ್ಲಿ ಕಾಯಿಲ್ ಬದಲಿಸಿ ಏನು ಬಂತು?

ಸಿಡಿಐ ಗಾಡಿಯಲ್ಲಿ ಪ್ರೈಮರಿಗೆ ಬರುವ ಹೊಡೆತ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯುತ್ತದೆ. ಸಾದಾ ಮೀಟರ್ ಅದನ್ನು ಹಿಡಿಯಲಾರದು. ಅದಕ್ಕೆ ಪಲ್ಸರ್ ಕಾಯಿಲ್ ಅಳೆಯಿರಿ, ಸಾಮಾನ್ಯವಾಗಿ ನೂರರಿಂದ ಕೆಲವು ನೂರು ಓಮ್. ಎಸಿ ಸಿಡಿಐ ಆದರೆ ಕೀ ಕಡೆಯಿಂದ ಬರುವ ಬಂದ್ ಮಾಡುವ ವೈರ್ ಒಂದಿದೆ. ಅದು ಅರ್ಥ್ ಆದಾಗ ಎಂಜಿನ್ ನಿಲ್ಲುತ್ತದೆ. ಹ್ಯಾಂಡಲ್ ತಿರುಗುವ ಜಾಗದಲ್ಲಿ ಅದು ಉಜ್ಜಿ ಚಾಸಿಗೆ ತಾಗಿದರೆ ಕೀ ಹಾಕಿದರೂ ಗಾಡಿ ಬಂದ್ ಇದ್ದಂತೆಯೇ. ಆ ವೈರನ್ನು ಸಿಡಿಐ ಹತ್ತಿರ ಬಿಡಿಸಿ ಕಿಡಿ ನೋಡಿ. ಬಂದರೆ ಕಾಯಿಲ್, ಸಿಡಿಐ ಎರಡೂ ಸರಿ, ವೈರ್ ಹುಡುಕಿ. ನೆನಪಿರಲಿ, ಆಗ ಕೀಯಿಂದ ಎಂಜಿನ್ ನಿಲ್ಲುವುದಿಲ್ಲ. ಬ್ರೇಕ್ ಒತ್ತಿ ಗೇರ್ ಹಾಕಿ ನಿಲ್ಲಿಸಬೇಕು.

ಇಷ್ಟೆಲ್ಲ ಆದ ಮೇಲೂ ಗೊತ್ತಾಗದಿದ್ದರೆ ಓಡುವ ಗಾಡಿಯ ಅದೇ ಕಾಯಿಲ್ ಹಾಕಿ ನೋಡಿ. ಹೊಸ ಕಾಯಿಲ್ ಹಾಕಿದರೆ ಹೊಸ ಪ್ಲಗ್ಗನ್ನೂ ಅದರ ಜೊತೆಗೇ ಹಾಕಿ.

ದ್ರಾಕ್ಷಿ ತೋಟದ ಔಷಧಿ ಹೊಡೆಯುವ ಪಂಪ್ ಬಗ್ಗೆ

ತಿಕೋಟಾ, ಇಂಡಿ ಕಡೆ ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಟೂ ಸ್ಟ್ರೋಕ್ ಪಂಪ್‌ಗಳಲ್ಲಿ ಬ್ಯಾಟರಿ ಇರುವುದಿಲ್ಲ. ತಿರುಗುವ ಫ್ಲೈವೀಲ್‌ನಲ್ಲಿರುವ ಮ್ಯಾಗ್ನೆಟ್ ಕಾಯಿಲ್ ಮುಂದೆ ಹಾದುಹೋದಾಗಲೇ ಕರೆಂಟ್ ಹುಟ್ಟುತ್ತದೆ. ಅದನ್ನು ಕಡಿಯುವ ಸರ್ಕಿಟ್ ಕಾಯಿಲ್ ಒಳಗೇ ಇದೆ. ಇಲ್ಲಿ ಕಾಯಿಲ್‌ಗೂ ಫ್ಲೈವೀಲ್‌ಗೂ ನಡುವಿನ ಗ್ಯಾಪೇ ಎಲ್ಲ. ಸುಮಾರು 0.3 ಮಿಲಿಮೀಟರ್ ಇರಬೇಕು. ಕಾಯಿಲ್‌ನ ಎರಡು ಸ್ಕ್ರೂ ಸಡಿಲಿಸಿ, ಮ್ಯಾಗ್ನೆಟ್ ಇರುವ ಭಾಗ ಕಾಯಿಲ್ ಎದುರು ಬರುವಂತೆ ಫ್ಲೈವೀಲ್ ತಿರುಗಿಸಿ. ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಡಿ. ಮ್ಯಾಗ್ನೆಟ್ ಕಾಯಿಲನ್ನು ತಾನೇ ಎಳೆದು ಹಿಡಿಯುತ್ತದೆ. ಹಾಗೇ ಸ್ಕ್ರೂ ಬಿಗಿದು, ಫ್ಲೈವೀಲ್ ತಿರುಗಿಸಿ ಕಾರ್ಡ್ ಹೊರಗೆ ತೆಗೆಯಿರಿ. ಎರಡೂ ಮುಖಕ್ಕೆ ಕೂತ ತುಕ್ಕನ್ನು ಮುಂಚೆಯೇ ಪಾಲಿಶ್ ಪೇಪರ್‌ನಲ್ಲಿ ತೆಗೆದಿರಬೇಕು. ಮುಚ್ಚಳ ಹಾಕುವ ಮುಂಚೆ ಫ್ಲೈವೀಲನ್ನು ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ. ಎಲ್ಲೂ ಉಜ್ಜುವ ಸದ್ದು ಬರಬಾರದು.